ಕ್ಯಾಪ್ಟನ್ ಮೇಲೆ ನಾನು ಬರೆದ ಆ ಒಂದು ಸಾಲು

ವಿಚಾರಣಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕ್ಯಾಪ್ಟನ್ ಒಬ್ಬರನ್ನು ವಿಮಾನದಿಂದ ದೂರವಿಟ್ಟು ಮನೆಯಲ್ಲಿ ಕೂರಿಸಲು ತಾವು ಆಧಾರವಾಗಿಟ್ಟುಕೊಂಡಿರುವ ದೂರಿನಲ್ಲಿ ಒಂದು ಸಾಲು ಸುಳ್ಳು. ಅದನ್ನು ಬರೆದವನು ನಾನೇ. ತಮ್ಮ ವರದಿ ಆ ದೂರನ್ನು 'ಸುಸ್ಪಷ್ಟ, ವಿಶ್ವಾಸಾರ್ಹ' ಎಂದು ಹೊಗಳಿದೆ. ಇಪ್ಪತ್ತಾರು ವರ್ಷಗಳಿಂದ ಕಚೇರಿಯೊಂದರ ಗೇಟಿನ ಪಕ್ಕ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುವವನು ನಾನು. ನನ್ನ ಬರವಣಿಗೆಗೆ ಅಧಿಕಾರಿಗಳಿಂದ ಸಿಕ್ಕ ಮೊದಲ ಮೆಚ್ಚುಗೆ ಇದು. ಓದಿ ನಾಚಿಕೆಯಿಂದ ಕುಗ್ಗಿಹೋದೆ.

ನಡೆದದ್ದಿಷ್ಟು. ತಂಗಿಗೆ ಹೃದಯದ ಆಪರೇಷನ್ ಇತ್ತು. ಒಳಗೆ ಕರೆದೊಯ್ಯುವ ಮುನ್ನ ಬಂದೇ ಬರುತ್ತೇನೆಂದು ಮಾತು ಕೊಟ್ಟಿದ್ದೆ. ನಮ್ಮ ವಿಮಾನ ಎರಡು ಸಲ ರನ್‌ವೇ ಹತ್ತಿರದವರೆಗೆ ಇಳಿದು, ಎರಡು ಸಲವೂ ಮತ್ತೆ ಮೇಲೇರಿ, ಬೇರೊಂದು ಊರಿಗೆ ಹೋಗಿ ಇಳಿಯಿತು. ಅಷ್ಟರಲ್ಲಿ ಇನ್ನೊಂದು ಕಂಪನಿಯ ವಿಮಾನ ನಾವು ಇಳಿಯಬೇಕಿದ್ದಲ್ಲೇ ಇಳಿದಿದೆ ಎಂದು ಯಾರೋ ಮೊಬೈಲ್ ನೋಡಿ ಹೇಳಿದರು. ಮುಗಿಯಿತಲ್ಲ, ನಾವೆಲ್ಲರೂ ಒಂದೇ ಗಳಿಗೆಯಲ್ಲಿ ಪೈಲಟ್‌ಗಳಾಗಿಬಿಟ್ಟೆವು. ಕ್ಯಾಪ್ಟನ್ ಕಾಕ್‌ಪಿಟ್‌ನಿಂದ ಹೊರಗೆ ಬಂದು ಸೀಟುಗಳ ಒಂದೊಂದು ಸಾಲಿನ ಬಳಿಯೂ ನಿಂತರು. "ಅಡ್ಡಗಾಳಿ ಜೋರಾಗಿತ್ತು. ಮೂರನೇ ಸಲ ಇಳಿಸೋಕೆ ನೋಡಿದ್ದಿದ್ರೆ ಇಲ್ಲಿಗೆ ಬರೋಕೆ ಬೇಕಾದಷ್ಟು ಇಂಧನ ಉಳೀತಿರಲಿಲ್ಲ. ದಯವಿಟ್ಟು ಕ್ಷಮಿಸಿ," ಎಂದರು. ತಂಗಿಯ ವಿಷಯ ಹೇಳಿ ಕೂಗಾಡಿದವನು ನಾನು. ಅವರು ಸುಮ್ಮನೆ ಕೇಳಿಸಿಕೊಂಡರು.

ಅಲ್ಲೇ ಕುಳಿತು ದೂರು ಬರೆದೆ. ನಲವತ್ತೊಂದು ಸಹಿ ಬಿದ್ದವು. ಕೊನೆಯಲ್ಲಿ, 'ಸದರಿಯವರು ನಮ್ಮೊಂದಿಗೆ ಉದ್ಧಟತನದಿಂದ ವರ್ತಿಸಿ, ನಿಂದಿಸಿರುತ್ತಾರೆ' ಎಂದು ಸೇರಿಸಿದೆ. ಯಾಕೆ ಎನ್ನುತ್ತೀರಾ? ಕೈಗೆ ಬಿದ್ದ ರೂಢಿ. ನಲ್ಲಿಯಲ್ಲಿ ನೀರು ಬರದ ದೂರಿರಲಿ, ಬೀದಿದೀಪದ ದೂರಿರಲಿ, ಈ ಸಾಲಿಲ್ಲದ ಅರ್ಜಿ ನನ್ನ ಮೇಜಿನಿಂದ ಎದ್ದದ್ದೇ ಇಲ್ಲ. ಅದಿಲ್ಲದಿದ್ದರೆ ತಮ್ಮಂಥವರ ಮೇಜಿನ ಮೇಲೆ ಕಡತ ಮಿಸುಕಾಡುವುದಿಲ್ಲವೆಂಬುದು ನನ್ನ ಅನುಭವ. ತಾವೂ ನಿರಾಸೆ ಮಾಡಲಿಲ್ಲ, ವರದಿಯ ಮೊದಲ ಆರೋಪವೇ ಅದು.

ಎರಡನೆಯದು, 'ಮೂರನೇ ಪ್ರಯತ್ನ ಮಾಡದ ಅಧೈರ್ಯ'. ಸಮಿತಿಯ ಮೂವರಲ್ಲಿ ವಿಮಾನ ಹಾರಿಸಿದವರು ಯಾರು, ಮಾನ್ಯರೇ? ಅಲುಗಾಡದ ಕುರ್ಚಿಯಲ್ಲಿ ಕುಳಿತು ಇನ್ನೊಬ್ಬರ ಧೈರ್ಯ ಅಳೆಯುವುದು ಎಷ್ಟು ಸುಲಭವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಂಗಿ ಚೇತರಿಸಿಕೊಂಡ ಮೇಲೆ ದೂರಿನ ಪ್ರತಿಯನ್ನು ಹೆಮ್ಮೆಯಿಂದ ಓದಿ ಹೇಳಿದೆ.

"ಅಣ್ಣಾ, ಬಿಪಿ ಜಾಸ್ತಿ ಇದೆ ಅಂತ ಡಾಕ್ಟ್ರು ಆಪರೇಷನ್ ಮುಂದಕ್ಕೆ ಹಾಕಿದ್ರೆ ಅವರ ಮೇಲೂ ಬರೀತಿದ್ಯಾ?"

"ಅದು ಬೇರೆ."

"ಅವರು ಕ್ಷಮೆ ಕೇಳಿದ್ರು ಅಂತ ನೀನೇ ಹೇಳಿದ್ದೆ. ಬೈದಿದ್ದು ಯಾವಾಗ?"

ನಾನು ಕಾಗದ ಮಡಚಿ ಜೇಬಿಗಿಟ್ಟುಕೊಂಡೆ.

ಆಗಲೂ ಬುದ್ಧಿ ಬರಲಿಲ್ಲ. ಸಾಕ್ಷಿ ಹೇಳಲು ತಾವು ಕರೆದ ದಿನ ಹೊರಗಿನ ಬೆಂಚಿನಲ್ಲಿ ಕ್ಯಾಪ್ಟನ್ ಕುಳಿತಿದ್ದರು, ಯೂನಿಫಾರಂ ಇಲ್ಲದೆ, ತೊಡೆಯ ಮೇಲೊಂದು ಫೈಲು ಇಟ್ಟುಕೊಂಡು. ನನ್ನ ಗುರುತು ಹಿಡಿದು, ಸರಿದು ಜಾಗ ಕೊಟ್ಟರು. "ತಂಗಿ ಈಗ ಹೇಗಿದ್ದಾರೆ?" ಎಂದರು. "ಪರವಾಗಿಲ್ಲ," ಎಂದೆ. ಐದು ನಿಮಿಷದ ನಂತರ ಒಳಗೆ ತಾವು, "ಅವರು ನಿಂದಿಸಿದ್ದು ನಿಜವೇ?" ಎಂದು ಕೇಳಿದಿರಿ. "ನಿಜ," ಎಂದೆ. ಅಷ್ಟು ಜನರ ಕೈಯಲ್ಲಿ ಸಹಿ ಹಾಕಿಸಿದವನು ಸುಳ್ಳುಗಾರನಾಗಬಾರದಲ್ಲ, ಮರ್ಯಾದೆಯ ಪ್ರಶ್ನೆ. ಹೊರಗೆ ಬರುವಾಗ ಆ ಬೆಂಚಿನ ಕಡೆ ತಿರುಗಿಯೂ ನೋಡಲಿಲ್ಲ. ಇದಕ್ಕಿಂತ ನೀಚ ಕೆಲಸ ನಾನು ಮಾಡಿಲ್ಲ.

ಬರುವ ಸೋಮವಾರ ಅವರ ಲೈಸೆನ್ಸ್ ರದ್ದುಪಡಿಸುವ ಬಗ್ಗೆ ತೀರ್ಮಾನವಂತೆ. ಗಾಳಿ, ಇಂಧನದ ವಿಷಯವನ್ನು ವಿಮಾನ ನಡೆಸಿ ಗೊತ್ತಿರುವವರ ಕೈಗೆ ಕೊಡಿ. ನನ್ನನ್ನು ಅದೇ ಪ್ರಶ್ನೆಗೆ ಇನ್ನೊಮ್ಮೆ ಕರೆಸಿ. ಈ ಸಲ ಅವರನ್ನು ಹೊರಗೆ ಕೂರಿಸಬೇಡಿ, ನನ್ನ ಎದುರಿಗೇ ಕೂರಿಸಿ. ಆ ಮುಖ ನೋಡಿಕೊಂಡು ಮತ್ತೆ ಸುಳ್ಳು ಹೇಳುವ ಧೈರ್ಯ ನನಗಿಲ್ಲ.

ಇಂತಿ,
ತಲೆ ಎತ್ತಲಾಗದ,
ನಲವತ್ತೊಂದು ಸಹಿಗಳಲ್ಲಿ ಮೊದಲನೆಯವನು