ನಲವತ್ತೆಂಟು ಸೀಟುಗಳ ನಡುವೆ ನಾನೊಬ್ಬನೇ

ವಿಮಾನ ನಿಲ್ದಾಣದ ಕಾಯುವ ಕೋಣೆ,
೧೭ನೇ ತಾರೀಖು, ಬುಧವಾರ, ಬೆಳಿಗ್ಗೆ

ಪ್ರೀತಿಯ ಮರಿ,

ಹೇಗಿದ್ದೀಯಾ? ಗಂಟಲು ಸರಿಹೋಯಿತಾ? ನಾಟಕದಲ್ಲಿ ಅಜ್ಜಿಯ ಪಾತ್ರ ಅಂತ ಒಂದು ತಿಂಗಳು ಕೀರಲು ದನಿಯಲ್ಲಿ ಮಾತಾಡಿ ಮಾತಾಡಿ ಗಂಟಲು ಕಟ್ಟಿಕೊಂಡಿದೆ ಅಂತ ನಿನ್ನ ಅಮ್ಮ ಹೇಳಿದಳು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸು. ಹಲ್ಲಿನ ತಂತಿ ಒಳಗಡೆ ಚುಚ್ಚುತ್ತಿದ್ದರೆ ಸಹಿಸಿಕೊಂಡು ಕೂರಬೇಡ, ಡಾಕ್ಟರಿಗೆ ತೋರಿಸು. ನಾನು ಚೆನ್ನಾಗಿದ್ದೇನೆ. ಹಾಗೆ ಬರೆಯೋದು ರೂಢಿ, ಅದಕ್ಕೆ ಬರೆದೆ. ಶನಿವಾರದಿಂದ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕವಿಲ್ಲ, ನೀನು ಎತ್ತಲಿಲ್ಲ. ನಿನ್ನೆ ಅಮ್ಮ ಎತ್ತಿ, 'ಅವಳಿಗೆ ಮಾತಾಡೋಕೆ ಮನಸ್ಸಿಲ್ಲ, ಒಂದೆರಡು ದಿನ ಬಿಟ್ಟುಬಿಡಿ' ಅಂದಳು. ಬಿಡೋದು ನನ್ನ ಕೈಲಾಗಲಿಲ್ಲ. ಅದಕ್ಕೆ ಈ ಕಾಗದ. ಕಾಗದಕ್ಕಾದರೆ ಕಟ್ ಮಾಡುವ ಕೆಂಪು ಗುಂಡಿ ಇರುವುದಿಲ್ಲವಲ್ಲ.

ಇವತ್ತು ಇಲ್ಲಿನ ಲಿಫ್ಟಿನ ತಿಂಗಳ ತಪಾಸಣೆ. ಎರಡೇ ಮಹಡಿಯ ಲಿಫ್ಟು, ಹತ್ತುವವರು ಯಾರೂ ಇಲ್ಲ, ಆದರೂ ತಿಂಗಳಿಗೊಮ್ಮೆ ಅದಕ್ಕೆ ಎಣ್ಣೆ ಕಾಣಿಸಲೇಬೇಕು. ಕೆಲಸ ಮುಗಿಸಿ, ಕೈ ತೊಳೆದು, ಕೊನೆಯ ಬೆಂಚಿನ ಮೇಲೆ ಟೂಲ್ ಬಾಕ್ಸನ್ನೇ ಮೇಜು ಮಾಡಿಕೊಂಡು ಕೂತಿದ್ದೇನೆ. ಹಾಳೆಯ ಮೂಲೆಯಲ್ಲಿ ಗ್ರೀಸಿನ ಬೆರಳಚ್ಚು ಬಿದ್ದಿದೆ, ಬೈಯಬೇಡ. ಹತ್ತೂವರೆಯ ವಿಮಾನಕ್ಕೆ ನಮ್ಮ ಬೆಲ್ಟಮ್ಮ ಬರುತ್ತಾಳೆ. ಕಳೆದ ರಜದಲ್ಲಿ ಬಂದಾಗ ಆ ಗಗನಸಖಿಗೆ ಈ ಹೆಸರಿಟ್ಟವಳು ನೀನೇ. ಈ ಕಾಗದವನ್ನು ಅವಳ ಕೈಗೆ ಕೊಟ್ಟರೆ ನಿಮ್ಮ ಊರಲ್ಲಿ ಇಳಿದ ತಕ್ಷಣ ಅಂಚೆ ಡಬ್ಬಕ್ಕೆ ಹಾಕುತ್ತಾಳೆ. ನಾಳೆ ನಾಡಿದ್ದರಲ್ಲಿ ನಿನ್ನ ಕೈ ಸೇರುತ್ತದೆ.

ನಾನೂ ಅಮ್ಮನೂ ಬೇರೆಯಾಗಿ ನೀವಿಬ್ಬರೂ ಆ ಊರಿಗೆ ಹೋದ ಮೊದಲ ವರ್ಷ ಈ ವಿಮಾನದಲ್ಲಿ ಸೀಟು ಸಿಗಬೇಕಾದರೆ ಹದಿನೈದು ದಿನ ಮುಂಚೆ ಹೇಳಬೇಕಿತ್ತು. ಆಮೇಲೆ ನಿಮ್ಮ ಕಡೆಯ ಕಾರ್ಖಾನೆ ಮುಚ್ಚಿತು ನೋಡು, ಬ್ರೀಫ್‌ಕೇಸಿನವರೆಲ್ಲ ಒಬ್ಬೊಬ್ಬರಾಗಿ ಮಾಯವಾದರು. ಮೂವತ್ತು ಜನ ಇದ್ದದ್ದು ಇಪ್ಪತ್ತಾಯಿತು, ಹನ್ನೆರಡಾಯಿತು. ಈ ವರ್ಷವಿಡೀ ನಾವು ಮೂರೇ ಜನ: ಎರಡು ಊರಿನಲ್ಲೂ ಕ್ಲಿನಿಕ್ ಇಟ್ಟುಕೊಂಡಿರುವ ಹಲ್ಲಿನ ಡಾಕ್ಟರು, ತಂಗಿಯನ್ನು ನೋಡೋಕೆ ಹೋಗುವ ಸ್ವೆಟರ್ ಅಜ್ಜಿ, ಮತ್ತೆ ನಾನು. ಒಂದು ಶನಿವಾರ ಬಿಟ್ಟು ಒಂದು ಶನಿವಾರ ಬಾಗಿಲ ಹತ್ತಿರ ನಿಂತು ತಲೆ ಎಣಿಸೋದೇ ನನ್ನ ಕೆಲಸವಾಗಿಬಿಟ್ಟಿತ್ತು. ಜನ ಇಲ್ಲದಿದ್ದರೆ ವಿಮಾನ ನಿಲ್ಲಿಸಿಬಿಡುತ್ತಾರೆ, ವಿಮಾನ ನಿಂತರೆ ಬೆಟ್ಟ ಸುತ್ತಿಕೊಂಡು ಬಸ್ಸಿನಲ್ಲಿ ಹದಿನಾಲ್ಕು ಗಂಟೆ ಅನ್ನೋ ಚಿಂತೆ ತಲೆ ತಿನ್ನುತ್ತಿತ್ತು. ಹೋದ ತಿಂಗಳು ಪೇಟೆಯ ಒಂದು ಕಟ್ಟಡದ ಏಳನೇ ಮಹಡಿಯಲ್ಲಿ ಲಿಫ್ಟು ನಿಂತು ಒಬ್ಬ ವಕೀಲರು ಒಳಗೆ ಸಿಕ್ಕಿಹಾಕಿಕೊಂಡಿದ್ದರು. ಬಾಗಿಲು ಬಿಡಿಸುತ್ತಾ ಅವರಿಗೂ ಹೇಳಿದೆ, 'ಸಾರ್, ಒಂದು ಸಲ ಆ ಊರಿಗೆ ವಿಮಾನದಲ್ಲಿ ಹೋಗಿ ಬನ್ನಿ, ತುಂಬಾ ಚೆನ್ನಾಗಿದೆ.' ಅವರು, 'ಮೊದಲು ಆರನೇ ಮಹಡಿಗೆ ಹೋಗೋ ಹಾಗೆ ಮಾಡಪ್ಪ' ಅಂದರು.

ಈಗ ಶನಿವಾರದ ಮಾತು. ನಿನ್ನ ನಾಟಕ ಸಂಜೆ ಆರಕ್ಕೆ. ನಾನು ಹತ್ತು ಗಂಟೆಗೇ ಇಲ್ಲಿಗೆ ಬಂದೆ. ಡಾಕ್ಟರಿಗೆ ಜ್ವರವಂತೆ. ಸ್ವೆಟರ್ ಅಜ್ಜಿಯ ತಂಗಿಯೇ ಈ ಸಲ ಇಲ್ಲಿಗೆ ಬಂದಿದ್ದಾಳಂತೆ. ನಲವತ್ತೆಂಟು ಸೀಟಿಗೆ ನಾನೊಬ್ಬನೇ. ಮೂರನೇ ಸಾಲಿನಲ್ಲಿ ಕೂತಿದ್ದವನನ್ನು ಬೆಲ್ಟಮ್ಮ ಎಬ್ಬಿಸಿ ಒಂಬತ್ತನೇ ಸಾಲಿಗೆ ಕಳಿಸಿದಳು, ತೂಕ ಸರಿದೂಗಬೇಕಂತೆ. ಆ ಲೆಕ್ಕ ನನಗೆ ಹೊಸದಲ್ಲ. ತುಂಬಿದ ಲಿಫ್ಟು ಹೇಳಿದ ಮಾತು ಕೇಳುತ್ತದೆ, ಖಾಲಿ ಲಿಫ್ಟೇ ತುಂಟ. ಬ್ರೇಕು ಸಡಿಲವಾದರೆ ಹಗ್ಗದ ಇನ್ನೊಂದು ತುದಿಯಲ್ಲಿರುವ ಎದುರುತೂಕ ಅದನ್ನು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಅಷ್ಟು ದೊಡ್ಡ ವಿಮಾನದಲ್ಲಿ ನನ್ನ ಎಪ್ಪತ್ತೆರಡು ಕಿಲೋ ಎಲ್ಲಿರಬೇಕು ಅಂತ ಯೋಚಿಸುತ್ತಾರೆ ಅಂದರೆ ಅದೆಷ್ಟು ಹಗುರ ಇರಬೇಕು ಅನ್ನಿಸಿ ಆಗಲೇ ಅಂಗೈ ಬೆವರಿತು. ಅವಳು 'ಎಲ್ಲಾ ಪ್ರಯಾಣಿಕರ ಗಮನಕ್ಕೆ' ಅಂತ ಶುರುಮಾಡಿ, ನನ್ನನ್ನು ನೋಡಿ ನಕ್ಕು, 'ಸಾರ್, ನಿಮ್ಮ ಗಮನಕ್ಕೆ' ಅಂದಳು. ಬೆಲ್ಟು, ಗಾಳಿಯ ಮುಖವಾಡ, ತುರ್ತು ಬಾಗಿಲು, ಎಲ್ಲಾ ನನ್ನೊಬ್ಬನಿಗೇ ತೋರಿಸಿದಳು. ಬೇರೆ ಕಡೆ ನೋಡಿದರೆ ಮರ್ಯಾದೆಯಲ್ಲ ಅಂತ ಮೊದಲ ಬೆಂಚಿನ ಹುಡುಗನ ಹಾಗೆ ತಲೆಯಾಡಿಸುತ್ತಾ ಕೂತೆ.

ನಲವತ್ತು ನಿಮಿಷ ಎಲ್ಲಾ ಚೆನ್ನಾಗಿತ್ತು. ಬೆಟ್ಟ ದಾಟಿದ ಮೇಲೆ ಗಾಳಿ ಶುರುವಾಯಿತು. ಜನ ತುಂಬಿದ್ದಾಗ ಯಾರೋ ಕಿರುಚುತ್ತಾರೆ, ಯಾರೋ ನಗುತ್ತಾರೆ, ಪಕ್ಕದವರು 'ಇದೇನೂ ಇಲ್ಲ ಬಿಡಿ' ಅನ್ನುತ್ತಾರೆ; ಹೆದರಿಕೆ ಹಂಚಿಹೋಗುತ್ತದೆ. ಅವತ್ತು ಅಷ್ಟೂ ನನ್ನ ಪಾಲಿಗೇ ಬಂತು. ಖಾಲಿ ಸೀಟಿನ ಬೆಲ್ಟುಗಳೆಲ್ಲ ಒಂದೇ ಸಲ ಟಿಣ್ ಟಿಣ್ ಅಂತ ಬಡಿದುಕೊಳ್ಳುತ್ತಿದ್ದವು. ತಲೆ ಮೇಲಿನ ಸಾಮಾನಿನ ಗೂಡೊಂದು ತಾನಾಗಿಯೇ ತೆರೆದುಕೊಂಡಿತು, ಒಳಗೆ ಏನೂ ಇಲ್ಲ. ಕಿಟಕಿಯಿಂದ ನಿಮ್ಮ ಊರು ಕಾಣಿಸಿತು, ಮರಿ. ನಿನ್ನ ಶಾಲೆಯ ನೀಲಿ ಚಾವಣಿ, ಪಕ್ಕದ ನೀರಿನ ಟ್ಯಾಂಕು, ಮೈದಾನದಲ್ಲಿ ಸಾಲು ಸಾಲು ಬಿಳಿ ಕುರ್ಚಿ. ಅದರಲ್ಲೊಂದು ನನ್ನದು ಅಂತ ಗೊತ್ತಿತ್ತು, ಮುಂದಿನ ಸಾಲಿನಲ್ಲಿ ಹಿಡಿದಿಡುತ್ತೇನೆ ಅಂತ ನೀನು ಹೇಳಿದ್ದೆ. ಚಕ್ರ ಇಳಿಯುವ ಸದ್ದಾಯಿತು, ನೆಲ ಹತ್ತಿರ ಬಂತು, ಹುಲ್ಲಿನ ಎಸಳು ಕಾಣುವಷ್ಟು ಹತ್ತಿರ. ಯಾರೋ ಪಕ್ಕದಿಂದ ತಳ್ಳಿದ ಹಾಗೆ ವಿಮಾನ ಓರೆಯಾಯಿತು. ಎಂಜಿನ್ನು ಭೋರ್ ಅಂತ ಕೂಗಿ ನಮ್ಮನ್ನು ಮತ್ತೆ ಮೇಲಕ್ಕೆ ಎಳೆದುಕೊಂಡಿತು.

ಮೂರು ಸಲ ಹೀಗೇ ಆಯಿತು. ಎರಡನೇ ಸಲದ ಮೇಲೆ ಬೆಲ್ಟಮ್ಮ ತನ್ನ ಜಾಗ ಬಿಟ್ಟು, ಸೀಟು ಸೀಟು ಹಿಡಿದುಕೊಂಡು ಬಂದು, ನನ್ನ ಪಕ್ಕ ಕೂತು ಬೆಲ್ಟು ಕಟ್ಟಿಕೊಂಡಳು. 'ಮಾತಾಡ್ತಾ ಇರಿ ಸಾರ್' ಅಂದಳು. ನನಗೋಸ್ಕರ ಹೇಳಿದಳೋ, ಅವಳಿಗೋಸ್ಕರವೋ. ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ನಾನೂ ಹೊರಗಿನಿಂದ ಅದೇ ಹೇಳೋದು, 'ಮಾತಾಡ್ತಾ ಇರಿ, ಹಗ್ಗ ಗಟ್ಟಿ ಇದೆ.' ಇಲ್ಲಿ ಹಗ್ಗ ಎಲ್ಲಿಂದ ತರೋದು? ನಿನ್ನ ವಿಷಯ ಹೇಳಿದೆ. ಮಗಳು ನಾಟಕದಲ್ಲಿ ಅಜ್ಜಿಯಾಗುತ್ತಿದ್ದಾಳೆ, ನನ್ನ ಹಳೆಯ ಕನ್ನಡಕವನ್ನೇ ಗಾಜು ತೆಗೆಸಿ ಹಾಕಿಕೊಳ್ಳುತ್ತಾಳೆ, 'ನಮ್ಮಪ್ಪ ಹತ್ತು ಮಹಡಿ ಮೇಲೆ ನೇತಾಡಿಕೊಂಡು ಕೆಲಸ ಮಾಡುತ್ತಾರೆ, ಅವರಿಗೆ ಹೆದರಿಕೆ ಅಂದರೇ ಗೊತ್ತಿಲ್ಲ' ಅಂತ ಕ್ಲಾಸಿನಲ್ಲೆಲ್ಲಾ ಸಾರಿದ್ದಾಳೆ ಅಂದೆ. ಹಾಗನ್ನುವಾಗ ನನ್ನ ಎರಡೂ ಕೈ ಮುಂದಿನ ಸೀಟನ್ನು ಅಪ್ಪಿಕೊಂಡಿದ್ದವು. ಅವಳು ಅದನ್ನು ನೋಡಿದಳು. ಮೂರನೇ ಸಲ ಮೇಲೇರಿದ ಮೇಲೆ ಪೈಲಟ್ಟು, 'ಕ್ಷಮಿಸಿ, ವಾಪಸ್ ಹೋಗುತ್ತಿದ್ದೇವೆ' ಅಂದರು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಬೇಜಾರಾಗಲಿಲ್ಲ. ಬೇಜಾರಾಗಲಿಲ್ಲವಲ್ಲ ಅನ್ನೋ ಬೇಜಾರು ಬೆಟ್ಟ ದಾಟಿದ ಮೇಲೆ ಬಂತು.

ಒಂದು ಗಂಟೆಗೆ ವಿಮಾನ ಇಲ್ಲಿ ಇಳಿಯಿತು. ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಇಳಿದು ಇದೇ ಬೆಂಚಿನ ಮೇಲೆ ಕೂತೆ. ನಾಲ್ಕು ಗಂಟೆಗೆ ನಿನ್ನ ಅಮ್ಮನಿಗೆ ಫೋನ್ ಮಾಡಿ, ಗಾಳಿ ಜಾಸ್ತಿ, ಬರೋಕಾಗಲಿಲ್ಲ ಅಂದೆ. 'ಗಾಳಿಯಾ? ಇಲ್ಲಿ ಒಂದು ಎಲೆಯೂ ಅಲ್ಲಾಡ್ತಿಲ್ಲವಲ್ಲ' ಅಂದಳು. ಬೆಳಿಗ್ಗೆ ಇತ್ತು ಅಂದೆ. ನಿನ್ನೆ ಹೇಳಿದಳು: ನಾಟಕ ಶುರುವಾಗುವ ಗಂಟೆ ಹೊಡೆಯುವ ತನಕ ಆ ಕುರ್ಚಿಯ ಮೇಲೆ ನಿನ್ನ ಬ್ಯಾಗು ಇಟ್ಟಿದ್ದೆಯಂತೆ, ಹೆಡ್ ಮಿಸ್ ಬಂದು ಕೇಳಿದರೂ ತೆಗೆಯಲಿಲ್ಲವಂತೆ. ಅಜ್ಜಿಯ ದನಿಯಲ್ಲೇ 'ಬರ್ತಾರೆ, ಬರ್ತಾರೆ' ಅಂದೆಯಂತೆ.

ಇನ್ನೊಂದು ಸುದ್ದಿ. ಸೋಮವಾರ ಇಲ್ಲಿ ಬಾಗಿಲಿಗೆ ನೋಟೀಸು ಹಚ್ಚಿದ್ದಾರೆ. ಬರುವ ಶನಿವಾರದ್ದೇ ಕೊನೆಯ ವಿಮಾನ, ಆಮೇಲೆ ಈ ದಾರಿ ಬಂದ್. ಇಷ್ಟು ದಿನ ಯಾವುದಕ್ಕೆ ಹೆದರುತ್ತಿದ್ದೆನೋ ಅದೇ ಆಯಿತು. ಸ್ವೆಟರ್ ಅಜ್ಜಿ ಕಟ್ಟೆಯ ಮೇಲೆ ಕೂತು, 'ನಮ್ಮ ಮೂರು ಜನರಿಂದ ಅವರ ಹೊಟ್ಟೆ ತುಂಬುತ್ತಾ ಹೇಳು' ಅಂತ ನನ್ನನ್ನೇ ಸಮಾಧಾನ ಮಾಡಿದರು. ಇನ್ನು ಮೇಲೆ ಬಸ್ಸೇ ಗತಿ. ಶುಕ್ರವಾರ ಮಧ್ಯಾಹ್ನ ಹತ್ತಿದರೆ ಶನಿವಾರ ಬೆಳಗಾಗುವ ಹೊತ್ತಿಗೆ ನಿಮ್ಮಲ್ಲಿ. ವರ್ಕ್‌ಶಾಪಿನ ಮೇಸ್ತ್ರಿಗೆ ಹೇಳಿ ತಿಂಗಳಿಗೆ ಒಂದು ಶುಕ್ರವಾರವಾದರೂ ಅರ್ಧ ದಿನ ಕೇಳಿಕೊಳ್ಳುತ್ತೇನೆ. ಈ ಶನಿವಾರ ಬರುವುದಕ್ಕೆ ನೋಡುತ್ತೇನೆ. ಖಂಡಿತಾ ಅಂತ ಹೇಳಲಾರೆ, ಕೆಲಸ ಹೇಗಿರುತ್ತೋ, ಹವೆ ಹೇಗಿರುತ್ತೋ.

ಅಮ್ಮನಿಗೆ ನಾನು ಕೇಳಿದೆ ಅಂತ ಹೇಳು. ಅವಳ ಬೆನ್ನುನೋವಿಗೆ ಎತ್ತರದ ದಿಂಬು ಬೇಡ, ತೆಳ್ಳಗಿರುವುದೇ ಒಳ್ಳೆಯದು. ಗಂಟಲು ಜೋಪಾನ. ನಿನಗೆ ಯಾವ ಕೆಟ್ಟ ಗಾಳಿಯೂ ಸೋಕದಿರಲಿ, ನೂರು ವರ್ಷದ ನಿಜವಾದ ಅಜ್ಜಿಯಾಗುವ ತನಕ ಚೆನ್ನಾಗಿರು. ಕೋಪ ಇಳಿದ ದಿನ ಒಂದು ಸಲ ಫೋನ್ ಎತ್ತು.

ನಿನ್ನವನೇ ಆದ,
ಅಪ್ಪ

ಮರೆತ ಮಾತು: ಇಲ್ಲ ಮರಿ, ಮರೆತದ್ದಲ್ಲ, ಬೇಕಂತಲೇ ಬಿಟ್ಟದ್ದು. ಬೆಲ್ಟಮ್ಮ ಈಗ ತಾನೇ ಬಂದಳು. ಲಕೋಟೆ ತೆಗೆದುಕೊಂಡು, 'ಮಗಳಿಗೆ ಹೇಳಿದ್ರಾ ಸಾರ್?' ಅಂತ ಒಂದೇ ಮಾತು ಕೇಳಿದಳು. ಐದು ನಿಮಿಷ ಕೊಡಮ್ಮ ಅಂತ ಕಾಗದ ವಾಪಸ್ ಇಸಕೊಂಡಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅನುಸರಿಸಿಕೊಂಡು ಓದು. ಅವತ್ತು ವಾಪಸ್ ಬಂದ ಮೇಲೆ ಎರಡೂವರೆಗೆ, ಅಲ್ಲಿ ಗಾಳಿ ನಿಂತಿದೆ, ವಿಮಾನ ಮತ್ತೆ ಹೊರಡುತ್ತದೆ ಅಂತ ಕೂಗಿದರು. ಇವಳು ಈ ಬೆಂಚಿನ ಹತ್ತಿರವೇ ಬಂದು, 'ಏಳಿ ಸಾರ್, ನಾಟಕ ಆರಕ್ಕಲ್ವಾ, ಆರಾಮಾಗಿ ಸಿಗುತ್ತೆ' ಅಂದಳು. ಎದ್ದೆ. ಬಾಗಿಲ ತನಕ ಹೋದೆ. ಗಾಜಿನಾಚೆ ವಿಮಾನದ ಮೆಟ್ಟಿಲು ಕಾಣಿಸಿತು. ಕಾಲು ಮುಂದಕ್ಕೆ ಬರಲಿಲ್ಲ. ಹೊಟ್ಟೆ ಸರಿಯಿಲ್ಲ ಅಂತ ಸುಳ್ಳು ಹೇಳಿ ಬಂದು ಕೂತುಬಿಟ್ಟೆ. ಅದೇ ಇಬ್ಬರು ಪೈಲಟ್ಟುಗಳು, ಅದೇ ಇವಳು, ಒಬ್ಬ ಪ್ರಯಾಣಿಕನೂ ಇಲ್ಲದೆ ಹೋದರು. ಮೂರೂವರೆಗೆ ನಿಮ್ಮ ಊರಲ್ಲಿ ಹೂ ಇಟ್ಟ ಹಾಗೆ ಇಳಿದರಂತೆ. ನಾನು ಅದರಲ್ಲಿ ಇರಬಹುದಿತ್ತು. ಗಾಳಿಗಲ್ಲ, ನಾನು ಹೆದರಿಕೆಗೆ ತಪ್ಪಿಸಿಕೊಂಡದ್ದು. ಅಮ್ಮನಿಗೂ ನಿಜ ಹೇಳಿಲ್ಲ, ನೀನೇ ಹೇಳು. ಈಗ ಇವಳ ಎದುರಿಗೇ ಕೌಂಟರಿಗೆ ಹೋಗಿ ಶನಿವಾರಕ್ಕೆ ಹೆಸರು ಬರೆಸಿ ಬಂದೆ. ಹನ್ನೊಂದೂವರೆಗೆ ನಿಮ್ಮ ಊರಿನ ವಿಮಾನ ನಿಲ್ದಾಣದ ಗೇಟಿನ ಹತ್ತಿರ ನೀನು ಬರಲೇಬೇಕು ಅಂತಿಲ್ಲ. ಬಂದರೆ ಅಲ್ಲೇ ನಿಂತು ಎಷ್ಟು ಬೇಕಾದರೂ ಬೈ. ಈ ಸಲ ನಾನು ಇಳಿಯದೇ ಹೋದರೆ ಮಾತ್ರ, ಯಾರು ಏನೇ ಹೇಳಲಿ, ಮೊದಲು ಹೊರಗೆ ಬಂದು ಎಲೆ ಅಲ್ಲಾಡುತ್ತಿದೆಯಾ ಅಂತ ನೋಡು. ಕರೆಯುತ್ತಿದ್ದಾಳೆ, ಕೊಟ್ಟೆ.