ಮೀನಿಲ್ಲದ ಭಾನುವಾರ

ಕಾಪು, 1978

ನರ್ಮದಾ,

ಇದನ್ನು ನಿನಗೆ ಕಳಿಸುವುದಿಲ್ಲ. ನಮ್ಮ ವೃದ್ಧಸೇವಾ ಸಂಘದ ಕಾಗದಗಳಿಗೇ ನೀನು ಉತ್ತರಿಸಿಲ್ಲ. ಮದುವೆಯಾಗಿ ಹೋದದ್ದು ಮಣಿಪಾಲಕ್ಕೆ ತಾನೇ? ಅಲ್ಲಿಂದ ಉಚ್ಚಿಲಕ್ಕೆ ಬಸ್ಸಿಲ್ಲವೇ?

ವಾರವಾರವೂ ಬರುತ್ತೇನೆಂದು ನೀನೇ ಮಾತು ಕೊಟ್ಟಿದ್ದ ಉಚ್ಚಿಲದ ಸರಸಕ್ಕನಿಗೆ ಇವತ್ತು ಬಂಗುಡೆ ಒಯ್ದಿದ್ದೆ. ಜೀವಮಾನವಿಡೀ ಮೀನು ಮಾರಿದವರು ನನ್ನನ್ನು ಅಂಗಳದಲ್ಲೇ ತಡೆದರು.

“ಎಂತ ಮಾರಾಯ್ತಿ, ಭಾನುವಾರ ಮೀನು ತರುವುದಾ? ನರ್ಮದಾ ಬರುವ ದಿನ ಅಲ್ವಾ? ಭಟ್ರ ಮಗಳು, ಪಾಪ, ಅವಳಿಗೆ ವಾಸನೆ ಆಗುವುದಿಲ್ಲ.”

ನೀನು ಬರುವುದನ್ನು ಬಿಟ್ಟು ವರ್ಷವಾಯಿತು. ಅವರು ಇನ್ನೂ ಭಾನುವಾರ ಬರೀ ಗಂಜಿ ಉಣ್ಣುತ್ತಾರೆ. ನಾಚಿಕೆಯಾಗುವುದಿಲ್ಲವೇ ನಿನಗೆ?

ಅವಳಿನ್ನು ಬರುವುದೇ ಇಲ್ಲ ಎಂದು ಕಿರುಚಬೇಕೆನಿಸಿತು. ಬಂಗುಡೆಯನ್ನು ಬೆಕ್ಕಿಗೆ ಎಸೆದೆ. ಕೈ ತೊಳೆದು ಒಳಗೆ ಹೋಗಿ, “ಮುಂದಿನ ವಾರ ಬರುತ್ತಾಳಂತೆ” ಎಂದೆ.

ನಳಿನಾಕ್ಷಿ