ಗೇಟಿನ ಬಣ್ಣದ ಕೋವಿ

ತಿಲಕ್ ನಗರ, ಬೆಂಗಳೂರು
14-9-2003

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ನಾರಾಯಣಮ್ಮನ ನಮಸ್ಕಾರಗಳು. ಮಂಡಿ ನೋವು ಹೇಗಿದೆ? ಆ ನಾಟಿ ವೈದ್ಯರು ಕೊಟ್ಟ ಎಣ್ಣೆಯನ್ನು ತಿಕ್ಕಿಸಿಕೊಳ್ಳುತ್ತಿದ್ದೀಯೋ ಅಥವಾ ಬಾಟಲಿಯನ್ನು ಕಿಟಕಿಯಲ್ಲಿಟ್ಟು ದೂರದಿಂದ ನೋಡುತ್ತಿದ್ದೀಯೋ? ಜಯಶೀಲಾ ಅತ್ತಿಗೆ ಕಾಫಿಗೆ ಸಕ್ಕರೆ ಬಿಟ್ಟಿದ್ದಾರೆಂದು ನಿನ್ನ ಮಗಳು ಬಿಂದುಶ್ರೀ ಹೇಳಿದಳು. ಮೈಸೂರು ಪಾಕನ್ನೂ ಬಿಟ್ಟಿದ್ದಾರೆಯೇ ಎಂದು ಕೇಳಿದೆ, ಹುಡುಗಿ ನಕ್ಕುಬಿಟ್ಟಳು. ನಾನು ಚೆನ್ನಾಗಿದ್ದೇನೆ. ಫೋನ್ ಇರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ನೀನು ಚನ್ನಪಟ್ಟಣದಲ್ಲಿ ಕೂತು ಹುಬ್ಬು ಗಂಟು ಹಾಕುತ್ತೀಯ, ಗೊತ್ತು. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡಿದರೆ ಅದನ್ನು ಮುಗಿಸುವವನು ನೀನು, ಅದೂ ನಿನಗೆ ಬೇಕಾದ ಹಾಗೆ. ಕಾಗದದಲ್ಲಿ ಆ ಸೌಕರ್ಯ ನಿನಗಿಲ್ಲ. ಕೊನೆಯವರೆಗೂ ಓದು.

ನಿನ್ನ ಮಾತು ತಲುಪಿತು. ಅಪ್ಪನ ಕೋವಿಯ ಲೈಸೆನ್ಸು ನನ್ನ ಹೆಸರಿಗೆ ಆಗಲು ನೀನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ, ಜೆ.ಪಿ. ನಗರದ ರಾಮಪ್ರಸಾದರು ಕೇಳುತ್ತಿದ್ದಾರೆ, ಅವರಿಗೆ ಕೊಟ್ಟುಬಿಡೋಣ ಎಂದಿದ್ದೀಯ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಹೀಗೆ ಕಾಗದ ಹಿಡಿದು ಕೂರುತ್ತಿರಲಿಲ್ಲ. ‘ನಮ್ಮ ಮನೇಲಿ ಹೆಂಗಸರು ಕೋವಿ ಮುಟ್ಟಿದ್ದಿಲ್ಲ ಕಣಮ್ಮ, ಈಗ್ಯಾಕೆ ಹೊಸ ಪದ್ಧತಿ?’ ಎಂದೆಯಲ್ಲ, ಆ ಮಾತಿಗೆ ಉತ್ತರ ಕೊಡದಿದ್ದರೆ ನನಗೆ ಊಟ ಸೇರುವುದಿಲ್ಲ.

ಮೊದಲು ರಾಮಪ್ರಸಾದರ ವಿಷಯ. ಅವರು ಒಳ್ಳೆಯವರೇ, ಹಳೆಯ ಆಯುಧ ಸಂಗ್ರಹಿಸುವ ಹುಚ್ಚು ಅಷ್ಟೆ. ಅವರ ಮನೆಯ ಹಜಾರದಲ್ಲಿ ಕತ್ತಿಗಳನ್ನೂ ಗುರಾಣಿಗಳನ್ನೂ ನೋಡಿ ಬಂದಿದ್ದೇನೆ, ಎಲ್ಲವೂ ಹೋಟೆಲಿನ ಲೋಟದಂತೆ ಹೊಳೆಯುತ್ತವೆ. ನನ್ನ ಅಂಗಡಿಗೆ ಬಂದು, ನಾನು ಬೆತ್ತ ಹೆಣೆದ ಕುರ್ಚಿಯಲ್ಲೇ ಕೂತು, ಕೋವಿಯನ್ನು ನಾನು ಮಾರುವುದೇ ಆಗಿಹೋದಂತೆ ಮಾತಾಡಿದರು. ‘ಜರ್ಮನ್ ಮಾಲು ಮೇಡಂ, ಕಲೆಕ್ಟರ್ ಕೈಯಲ್ಲಿ ಇರಬೇಕಾದ್ದು’ ಎಂದರು. ‘ಇದೆ ಸಾರ್, ಇನ್ನೊಬ್ಬ ಕಲೆಕ್ಟರ್ ಕೈಗೆ ಬರ್ತಾ ಇದೆ’ ಎಂದೆ. ಆ ಇನ್ನೊಬ್ಬ ಸಂಗ್ರಾಹಕಿ ನಾನೇ ಎಂದು ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಜಯನಗರದ ಮನೆಮನೆಗೆ ಹೋಗಿ ಕುರ್ಚಿಗೆ ಬೆತ್ತ ಹೆಣೆದು ಶುರು ಮಾಡಿದವಳು ನಾನು. ಈಗ ಅದೇ ಮನೆಗಳ ಮಂಚ, ಬೀರು, ಕನ್ನಡಿಗಳು ನನ್ನ ಅಂಗಡಿಗೆ ಬಂದು, ಕಾಲು ಮುರಿದದ್ದು ಕಾಲು ಪಡೆದು, ಬೇರೆ ಮನೆಗೆ ಹೋಗುತ್ತವೆ. ಮಾರದೆ ಉಳಿಸಿಕೊಂಡವೂ ಇವೆ. ಕ್ಷೌರದ ಅಂಗಡಿಯ ತಿರುಗುವ ಕುರ್ಚಿ, ಮುಚ್ಚಿಹೋದ ಟಾಕೀಸಿನ ಬೆಂಚು, ಮುಳ್ಳು ಹಿಂದಕ್ಕೆ ತಿರುಗುವ ಗಡಿಯಾರ. ನಿನ್ನ ಲೆಕ್ಕದಲ್ಲಿ ಅವು ದಂಡ. ನನ್ನ ಲೆಕ್ಕದಲ್ಲಿ, ದಿನವಿಡೀ ಮಾರುವವಳು ಮಾರುವುದಿಲ್ಲ ಎನ್ನುವ ಸುಖಕ್ಕೆ ಇಟ್ಟುಕೊಂಡವು.

ಕೋವಿ ಈಗ ಇರುವುದು ನಿನಗೂ ಗೊತ್ತಿರುವ ಕಡೆಯೇ. ಅಪ್ಪ ಹೋದ ಮೇಲೆ ಕಾನೂನಿನಂತೆ ಠೇವಣಿ ಇಟ್ಟ, ಕೋವಿ ಮಾರುವವರ ಅಂಗಡಿಯಲ್ಲಿ. ಲೈಸೆನ್ಸು ಆಗುವವರೆಗೆ ಮನೆಗೆ ತರುವಂತಿಲ್ಲ, ಆದರೆ ಅಂಗಡಿಯವರು ಹಿಂದಿನ ಕೋಣೆಯಲ್ಲಿ ತಮ್ಮ ಕಣ್ಣೆದುರೇ ಮರದ ಕೆಲಸ ಮಾಡಲು ಒಪ್ಪಿದರು. ಹಾಗಾಗಿ ಮೇ ತಿಂಗಳಿಂದ ಪ್ರತಿ ಸೋಮವಾರ ನನ್ನ ಅಂಗಡಿಗೆ ಬೀಗ ಹಾಕಿ, ಉಳಿ, ಗಾಜಿನ ಚೂರು, ಅರಗು, ಹತ್ತಿಬಟ್ಟೆ ಚೀಲಕ್ಕೆ ತುಂಬಿ ಬಸ್ಸು ಹತ್ತಿದ್ದೇನೆ. ಲೋಹದ ಕೆಲಸ ಅವರದೇ ಕುಶಲಕರ್ಮಿ ಹನಮಂತನದು. ಬಿಜಾಪುರದ ಕಡೆಯವನು. ತುಕ್ಕನ್ನು ಎಣ್ಣೆಯಲ್ಲಿ ನೆನೆಸಿ ನೆನೆಸಿ ಬಿಡಿಸಿದ. ಅದರಡಿ ಒಂದು ಪುಟ್ಟ ಕಿರೀಟದ ಮುದ್ರೆ, 1916 ಎಂಬ ಇಸವಿ ಕಾಣಿಸಿದವು. ಮೊದಲನೇ ಮಹಾಯುದ್ಧದ ಮೌಸರ್ ಅದು. ಯಾವ ಜರ್ಮನ್ ಸಿಪಾಯಿಯ ಭುಜದ ಮೇಲಿತ್ತೋ, ಹೇಗೆ ದಂಡಿನ ಹರಾಜಿಗೆ ಬಂತೋ, ಅಪ್ಪ ಯಾಕೆ ಹೋರಿ ತರಲು ಹೋಗಿ ಅದನ್ನು ತಂದರೋ, ಕೇಳಲು ಈಗ ಯಾರೂ ಇಲ್ಲ. ಅಪ್ಪ ಅದನ್ನು ಹಾರಿಸಿದ್ದು ನಾನಂತೂ ನೋಡಿಲ್ಲ. ಹೆಗಲ ಮೇಲೆ ಹೊತ್ತು ಸಾರಕ್ಕಿ ಕೆರೆ ಏರಿಯ ಮೇಲೆ ಹೀಗೆ ಹೋಗಿ ಹಾಗೆ ಬಂದರೆ ಸಾಕಿತ್ತು. ಬೆಳೆಗೆ ನುಗ್ಗುವ ಹಂದಿಗಳು ಹೆದರುತ್ತಿದ್ದವೋ ಇಲ್ಲವೋ, ಪಕ್ಕದ ಹೊಲದವರು ಹೆದರುತ್ತಿದ್ದರು.

ಈಗ ನಿನ್ನ ಕೈಚಳಕದ ಮಾತು. ಅಪ್ಪ ತೀರಿಕೊಂಡ ವರ್ಷ ಅಟ್ಟದಿಂದ ಇಳಿಸುವಾಗ ಕೋವಿ ಕೈಜಾರಿ ಬಿದ್ದು ಹಿಡಿಯ ಹತ್ತಿರ ಮುರಿದಿತ್ತಲ್ಲ, ನೀನು ಅದಕ್ಕೆ ಮೊಳೆ ಹೊಡೆದು ತಂತಿ ಸುತ್ತಿದ್ದೆ. ಅಣ್ಣಾ, ಅದು ದನದ ಕೊಟ್ಟಿಗೆಯ ಬಾಗಿಲಲ್ಲ. ಆ ಮೊಳೆ ಕೀಳುವಾಗ ನಿನ್ನನ್ನು ಎಷ್ಟು ಬೈದೆನೆಂದರೆ ಹನಮಂತ, ‘ಅಕ್ಕಾರ, ನಿಮ್ಮ ಅಣ್ಣಾರು ಕೆಮ್ಮಾಕತ್ತಿರಬೇಕ ನೋಡ್ರಿ’ ಎಂದ. ಸೀಳನ್ನು ಬಿಡಿಸಿ, ತೊಳೆದು, ಒಳಗೆ ಮರದ ಗೂಟ ಇಟ್ಟು, ವಜ್ರದ ಅಂಟು ಹಾಕಿ, ಬಟ್ಟೆ ಬಿಗಿದು ಕೂಡಿಸಿದೆ. ಅಕ್ರೋಟ್ ಮರ. ಈಗ ಉಗುರು ಆಡಿಸಿದರೂ ಕೂಡು ಸಿಕ್ಕುವುದಿಲ್ಲ.

ಆದರೆ ಮರ ಕಾಣಬೇಕಾದರೆ ಮೊದಲು ನಿನ್ನ ಬಣ್ಣ ಹೋಗಬೇಕಿತ್ತು. ಆಯುಧ ಪೂಜೆಯ ಹಿಂದಿನ ದಿನ ಮನೆಯಲ್ಲಿ ಯಾವ ಡಬ್ಬ ಅರೆಬರೆ ಉಳಿದಿದೆಯೋ ಅದನ್ನು ತಂದು ನೇಗಿಲು, ಗುದ್ದಲಿ, ಸೈಕಲ್ಲು, ಕೋವಿ ಎಂದು ನೋಡದೆ ಬಳಿಯುತ್ತಿದ್ದವನು ನೀನು. ಪಂಕ್ತಿಯಲ್ಲಿ ಬಡಿಸುವವನ ಹಾಗೆ, ಯಾರಿಗೂ ಭೇದ ಮಾಡದೆ. ರಾಮಪ್ರಸಾದರು ಬಣ್ಣ ಕರಗಿಸುವ ದ್ರಾವಣ ಸುರಿದು ಒಂದೇ ಸಲ ಎಲ್ಲ ಎಬ್ಬಿಸಿ ಎಂದರು. ನಾನು ಕೇಳಲಿಲ್ಲ, ಗಾಜಿನ ಚೂರಿನಲ್ಲಿ ಪದರ ಪದರವಾಗಿ ಕೆರೆದೆ. ಎಲ್ಲಕ್ಕಿಂತ ಮೇಲೆ ಬಾಡಿಗೆ ಮನೆಗಳ ಗೇಟಿನ ಹಸಿರು. ಅದರ ಕೆಳಗೆ ನಮ್ಮ ಗಾಡಿಯ ನೀಲಿ. ನೀಲಿಯ ಕೆಳಗೆ ಬಚ್ಚಲ ಬಾಗಿಲಿನ ಕಂದು. ಇನ್ನೂ ಕೆಳಗೆ ಯಾವುದೋ ಮದುವೆಯ ಚಪ್ಪರದ ಕಂಬಕ್ಕೆ ಹಚ್ಚಿದ ಕೆಂಪು, ನನ್ನದೇ ಮದುವೆಯದಿರಬೇಕು. ಹೊಲ ಸೈಟಾಗಿ, ಗಾಡಿ ಹೋಗಿ ಗೇಟು ಬಂದದ್ದೆಲ್ಲ ನನ್ನ ಉಗುರಿನ ಕೆಳಗೆ ಸೇರಿಕೊಂಡಿತು.

ಇಲ್ಲಿಂದ ನಿಧಾನವಾಗಿ ಓದು. ಭುಜಕ್ಕೆ ತಾಗುವ ತುದಿಯ ಕೆಳಮೈ ಇದೆಯಲ್ಲ, ಕೋವಿಯನ್ನು ಗೋಡೆಗೆ ಒರಗಿಸಿಟ್ಟರೆ ಯಾರ ಕಣ್ಣಿಗೂ ಬೀಳದ ಜಾಗ, ಅಲ್ಲಿ ಹಸಿರನ್ನು ಎಬ್ಬಿಸಿದಾಗ ನೀಲಿಯ ಮೇಲೆ ಏನೋ ಹಳದಿ ಕಂಡಿತು. ಬಣ್ಣವಲ್ಲ, ಅರಿಶಿನ. ಅದರ ಮೇಲೆ ಕುಂಕುಮದ ಬೊಟ್ಟುಗಳು, ಸಾಲಾಗಿ. ಒಂದು ಅಂಚಿನಲ್ಲಿ ಮಾತ್ರ ನೀಲಿಯನ್ನು ಎಬ್ಬಿಸಿದೆ, ಕಂದಿನ ಮೇಲೂ ಅದೇ. ಕಂದಿನ ಕೆಳಗೂ ಅದೇ. ಅಪ್ಪ ಪೂಜೆ ಮಾಡುತ್ತಿದ್ದ ಬಗೆ ನಿನಗೆ ನೆನಪಿದೆ. ನಳಿಗೆಯ ಮೇಲೆ ವಿಭೂತಿ ಎಳೆದು, ನಡುವೆ ಒಂದು ಬೊಟ್ಟಿಟ್ಟು, ನಿಂಬೆಹಣ್ಣು ಹಿಂಡಿ, ಮುಗಿಸಿ ಏಳುತ್ತಿದ್ದರು. ಅರಿಶಿನ ಸವರಿ ಅದರ ಮೇಲೆ ಸಾಲಾಗಿ ಕುಂಕುಮ ಇಡುವುದು ಹೊಸ್ತಿಲಿಗೆ, ಒರಳಿಗೆ, ಒಲೆಗೆ. ಅದನ್ನು ಗಂಡಸರು ಇಟ್ಟದ್ದನ್ನು ನೀನು ಸಾರಕ್ಕಿಯಲ್ಲಿ ಎಲ್ಲಾದರೂ ಕಂಡಿದ್ದರೆ ತಿಳಿಸು.

ಅಮ್ಮ ಇಟ್ಟದ್ದು ಅಣ್ಣಾ. ಅಪ್ಪನ ಪೂಜೆಗಿಂತ ಮೊದಲೋ ಆಮೇಲೋ, ವರ್ಷ ವರ್ಷವೂ, ಯಾರಿಗೂ ಹೇಳದೆ. ನಳಿಗೆಯ ಮೇಲಿನದನ್ನು ಅಪ್ಪ ಮರುದಿನ ಒರೆಸುತ್ತಿದ್ದರು, ಕೆಳಗಿನದು ಅವರಿಗೆ ಗೊತ್ತೇ ಇರಲಿಲ್ಲ. ಮುಂದೆ ಡಬ್ಬ ಉಳಿದ ವರ್ಷ ನೀನು ಬಂದು, ನೋಡದೆ, ಅದರ ಮೇಲೇ ಬಣ್ಣ ಬಳಿಯುತ್ತಿದ್ದೆ. ನೀನು ಹಾಗೆ ಬಳಿಯದಿದ್ದರೆ ಅದು ಉಳಿಯುತ್ತಲೂ ಇರಲಿಲ್ಲ, ಆ ಪುಣ್ಯ ನಿನ್ನ ಹೆಸರಿಗೇ ಜಮಾ. ಹಸಿರಿನ ಮೇಲೆ ಮಾತ್ರ ಏನೂ ಇಲ್ಲ. ಹಸಿರು ಬಳಿದ ವರ್ಷ ಅಮ್ಮ ಇರಲಿಲ್ಲ.

ಚಿಕ್ಕವಳಿದ್ದಾಗ ನಾನು ಒಮ್ಮೆ ಕೋವಿಯ ಮೇಲೆ ಕೈಯಿಟ್ಟದ್ದಕ್ಕೆ ಅಪ್ಪ ಕೈಗೆ ಬಾರಿಸಿದ್ದರು. ‘ಗಂಡಸರ ಸಾಮಾನು, ಮುಟ್ಬೇಡ’ ಎಂದು. ಅಮ್ಮ ಅಲ್ಲೇ ಹೂ ಕಟ್ಟುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. ಅವತ್ತು ಅಮ್ಮನ ಮೇಲೆ ನನಗೆ ಬಂದ ಸಿಟ್ಟು ಇಷ್ಟು ವರ್ಷ ಇತ್ತು. ಆ ಅರಿಶಿನ ಕಂಡ ಸೋಮವಾರದವರೆಗೂ ಇತ್ತು.

ಆ ಜಾಗದಲ್ಲಿ ಉಳಿದದ್ದನ್ನು ನಾನು ಕೆರೆದಿಲ್ಲ, ಕೆರೆಯುವುದೂ ಇಲ್ಲ. ಅಂಗೈಯಗಲ ಹಾಗೇ ಬಿಟ್ಟು, ಮಿಕ್ಕ ಮರಕ್ಕೆಲ್ಲ ಎಣ್ಣೆ ಕುಡಿಸಿದ್ದೇನೆ. ರಾಮಪ್ರಸಾದರು ಆ ಕೋವಿ ಅಂಗಡಿಗೇ ಬಂದು ನೋಡಿ ಮುಖ ಹುಳ್ಳಗೆ ಮಾಡಿದರು. ‘ಇದೊಂದು ತೇಪೆಯಿಂದ ಪೀಸಿನ ವ್ಯಾಲ್ಯೂನೇ ಹೋಯ್ತಲ್ಲ ಮೇಡಂ, ಕ್ಲೀನ್ ಮಾಡ್ಸಿ’ ಎಂದರು. ‘ಹೋಗ್ಲಿ ಬಿಡಿ ಸಾರ್, ನಾನೇನು ಮಾರ್ತೀನಾ’ ಎಂದೆ. ಅಂದಿನಿಂದ ಅವರು ನಿನಗೆ ಫೋನ್ ಮಾಡುವುದು ಹೆಚ್ಚಾಗಿರಬೇಕು.

ಲೈಸೆನ್ಸಿನ ವಿಚಾರಣೆಗೆ ಬಂದ ಪೊಲೀಸ್ ಅಧಿಕಾರಿಯೂ ಮೊದಲು ನಕ್ಕರು. ‘ಯಾರನ್ನ ಹೊಡೀಬೇಕು ಅಂತಿದ್ದೀರಾ ಮೇಡಂ?’ ‘ಯಾರನ್ನೂ ಇಲ್ಲ ಸಾರ್, ಅದಕ್ಕೆ ಗುಂಡೇ ಇಲ್ಲ. ನಮ್ಮಮ್ಮ ಪೂಜೆ ಮಾಡ್ತಿದ್ದ ಕೋವಿ’ ಎಂದೆ. ಅವರು ಅದನ್ನು ಹಾಗೇ ಬರೆದುಕೊಂಡರು. ಈಗ ಕಮಿಷನರ್ ಕಚೇರಿಯಲ್ಲಿ ಬಾಕಿ ಉಳಿದಿರುವುದು ನಿನ್ನ ಸಹಿಯೊಂದೇ. ನೀನು ಹಾಕಿದರೆ ಕೋವಿ ನನ್ನ ಮನೆಗೆ ಬರುತ್ತದೆ. ಹಾಕದಿದ್ದರೆ ಅದು ಆ ಅಂಗಡಿಯಲ್ಲೇ ಇರುತ್ತದೆ, ಸೋಮವಾರ ಸೋಮವಾರ ನಾನು ಅಲ್ಲಿಗೆ ಹೋಗುತ್ತಿರುತ್ತೇನೆ. ರಾಮಪ್ರಸಾದರಿಗೆ ಮಾರಲು ನನ್ನ ಸಹಿಯೂ ಬೇಕು, ಅದನ್ನು ಮರೆಯಬೇಡ. ಕಾಯುವುದು ನನಗೆ ಅಭ್ಯಾಸವಿದೆ. ಬೆತ್ತ ನೆನೆಯುವ ತನಕ ಕಾದೇ ಹೆಣೆದವಳು.

ಅತ್ತಿಗೆಗೆ ನಮಸ್ಕಾರ ತಿಳಿಸು. ಬಿಂದುಶ್ರೀಗೆ ಆಶೀರ್ವಾದ. ಅವಳಿಗೂ ಈ ಕಾಗದ ಓದಲು ಕೊಡು, ಬೇಡ ಎಂದು ಮಡಚಿ ಜೇಬಿಗಿಡಬೇಡ. ಆ ದೇವರು ನಿನ್ನ ಮಂಡಿಗೆ ಬಲ ಕೊಡಲಿ, ನಿನ್ನ ಹಟಕ್ಕೆ ಬೇಡ.

ಇಂತಿ ನಿನ್ನ ತಂಗಿ,
ನಾರಾಯಣಮ್ಮ

ಮರೆತಿದ್ದೆ: ಒಪ್ಪಿಗೆ ಪತ್ರ ಜೊತೆಗಿಟ್ಟಿದ್ದೇನೆ. ಲಕೋಟೆಯ ಮೂಲೆಯಲ್ಲಿ ಹತ್ತಿಯೊಳಗೆ ಒಂದು ಬಣ್ಣದ ಚಕ್ಕೆ ಇದೆ, ಮೊದಲು ಅದನ್ನು ತೆಗೆ. ಹಸಿರು ನಿನ್ನದು, ತಿರುಗಿಸಿದರೆ ಅಮ್ಮನದು. ನೋಡಿ ಆಮೇಲೆ ಸಹಿಯ ಯೋಚನೆ ಮಾಡು. ಸಹಿ ಹಾಕಿದರೂ ಹಾಕದಿದ್ದರೂ ನವಮಿಯ ಬೆಳಿಗ್ಗೆ ನಾನು ಕೋವಿ ಅಂಗಡಿಯಲ್ಲಿ ಇರುತ್ತೇನೆ, ಅವರನ್ನು ಕೇಳಿಯಾಗಿದೆ. ಈ ಸಲ ಅರಿಶಿನ ಕುಂಕುಮ ಎಲ್ಲರ ಎದುರಿಗೇ ಇಡುತ್ತೇನೆ. ಅಮ್ಮನ ಕುಂಕುಮದ ಭರಣಿ ನಿಮ್ಮ ಮನೆಯಲ್ಲೇ ಇದೆಯಲ್ಲ, ಬರುವಾಗ ಅದನ್ನು ತಾ. ಬಣ್ಣ ತರಬೇಡ.